ಆಯ್ಕೆಯ ಹೊರೆ: ಅಸ್ತಿತ್ವವಾದ ಮತ್ತು ಶಿಕ್ಷಣ

ನವ್ಯ ಸಾಹಿತ್ಯವನ್ನು ಕುರಿತು ಉತ್ತರ ಬರೆಯುವ ಐಚ್ಛಿಕ ಕನ್ನಡದ ವಿದ್ಯಾರ್ಥಿ ‘ಅಸ್ತಿತ್ವವಾದ’ ಎಂಬ ಪದವನ್ನು ಒಮ್ಮೆಯಾದರೂ ಬಳಸದೆ ಬಿಡುವುದಿಲ್ಲ. ಅನಾಥಪ್ರಜ್ಞೆ, ಪರಕೀಯತೆ, ಅಸಂಗತತೆ ಎಂಬ ಮೂರು ಪದಗಳು ಅದರ ಹಿಂದೆಯೇ ಸಾಲುಗಟ್ಟಿ ಬರುತ್ತವೆ. ಮರಾಠಿಯಲ್ಲಿಯೂ ಪದ ಅದೇ, ಅಸ್ತಿತ್ವವಾದ. ಪರೀಕ್ಷೆಯ ಉತ್ತರಗಳಲ್ಲಿ ಅದರ ಗತಿಯೂ ಹೆಚ್ಚುಕಡಿಮೆ ಅದೇ. ವ್ಯಕ್ತಿಯು ತನ್ನದಾಗಿಸಿಕೊಳ್ಳದ ಜ್ಞಾನ ಜ್ಞಾನವೇ ಅಲ್ಲ ಎಂದು ವಾದಿಸಿದ ತತ್ತ್ವವೊಂದು ಗೈಡುಗಳ ಮೂಲಕ ಕಂಠಪಾಠದ ವಿಷಯವಾಗಿರುವುದು ವಿಪರ್ಯಾಸ. ಈ ತತ್ತ್ವಕ್ಕೆ ಶಿಕ್ಷಣದೊಡನೆ ಇರುವ ಸಂಬಂಧವನ್ನು ತಿಳಿಯಬೇಕಾದರೆ ಪಾರಿಭಾಷಿಕ ಪದಗಳಿಗಿಂತ ಮೊದಲು ಒಂದು ಪ್ರಸಂಗವನ್ನು ನೋಡುವುದು ಲೇಸು.

1945ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನಲ್ಲಿ ಕೊಟ್ಟ, ಮರುವರ್ಷ ಪುಸ್ತಕವಾಗಿ ಬಂದ ಉಪನ್ಯಾಸವೊಂದರಲ್ಲಿ ಝಾಂ ಪಾಲ್ ಸಾರ್ತ್ರ್ ತನ್ನ ಶಿಷ್ಯನೊಬ್ಬನ ಕಥೆಯನ್ನು ಹೇಳುತ್ತಾನೆ. ಜರ್ಮನರು ಫ್ರಾನ್ಸನ್ನು ಆಕ್ರಮಿಸಿಕೊಂಡಿದ್ದ ಕಾಲ. ಹುಡುಗನ ಅಣ್ಣ 1940ರ ಯುದ್ಧದಲ್ಲಿ ಸತ್ತಿದ್ದಾನೆ. ತಂದೆ ಶತ್ರುಗಳ ಕಡೆಗೆ ವಾಲಿದವನು, ತಾಯಿಯೊಡನೆ ಮುನಿಸಿಕೊಂಡವನು. ತಾಯಿಗೆ ಉಳಿದಿರುವ ಆಸರೆ ಈ ಮಗನೊಬ್ಬನೇ. ಇಂಗ್ಲೆಂಡಿಗೆ ಹೋಗಿ ಸ್ವತಂತ್ರ ಫ್ರೆಂಚ್ ಪಡೆಯನ್ನು ಸೇರಬೇಕೆ, ತಾಯಿಯ ಬಳಿ ನಿಲ್ಲಬೇಕೆ? ಈ ಪ್ರಶ್ನೆಯನ್ನು ಹೊತ್ತು ಅವನು ಗುರುವಿನ ಬಳಿಗೆ ಬಂದನು. ನೆರೆಯವನನ್ನು ಪ್ರೀತಿಸೆಂದು ಧರ್ಮ ಹೇಳುತ್ತದೆ. ಆದರೆ ಇಲ್ಲಿ ನೆರೆಯವನು ಯಾರು, ತಾಯಿಯೋ, ಹೋರಾಡುತ್ತಿರುವ ಸೈನಿಕನೋ? ಯಾರನ್ನೂ ಕೇವಲ ಸಾಧನವಾಗಿ ಬಳಸಬೇಡವೆಂದು ಕಾಂಟ್ ಹೇಳುತ್ತಾನೆ. ಯಾವ ದಾರಿ ಹಿಡಿದರೂ ಇನ್ನೊಂದು ಕಡೆಯವರು ಸಾಧನವಾಗಿಯೇ ಬಿಡುತ್ತಾರೆ. ಹೃದಯ ಹೇಳಿದಂತೆ ಮಾಡೋಣವೆಂದರೆ, ತಾಯಿಯ ಮೇಲಿನ ಪ್ರೀತಿ ಎಷ್ಟೆಂಬುದು ಅವಳ ಬಳಿ ನಿಂತ ಮೇಲೆಯೇ ಗೊತ್ತಾಗುವಂಥದು. ಸಾರ್ತ್ರ್ ಕೊಟ್ಟ ಉತ್ತರದ ತಾತ್ಪರ್ಯ ಇಷ್ಟೇ: ನೀನು ಸ್ವತಂತ್ರ, ಆಯ್ದುಕೊ. ಅವನು ಇನ್ನೂ ಒಂದು ಸೂಕ್ಷ್ಮವನ್ನು ಸೇರಿಸುತ್ತಾನೆ. ಸಲಹೆಗಾಗಿ ಯಾರ ಬಳಿಗೆ ಹೋಗಬೇಕೆಂದು ನಿರ್ಧರಿಸುವಾಗಲೇ ಮನುಷ್ಯನು ತನಗೆ ಬೇಕಾದ ಸಲಹೆಯನ್ನು ಅರ್ಧ ಆಯ್ದುಕೊಂಡಿರುತ್ತಾನೆ.

ಈ ಪ್ರಸಂಗದ ಹಿಂದಿರುವ ತತ್ತ್ವ ಹೀಗಿದೆ. ಕಾಗದ ಕತ್ತರಿಸುವ ಚಾಕುವನ್ನು ಮಾಡುವವನ ಮನಸ್ಸಿನಲ್ಲಿ ಅದರ ಉಪಯೋಗ, ಆಕಾರ ಮೊದಲೇ ಇರುತ್ತವೆ. ಅಲ್ಲಿ ಸಾರ ಮೊದಲು, ಅಸ್ತಿತ್ವ ಆಮೇಲೆ. ಮನುಷ್ಯನ ವಿಷಯದಲ್ಲಿ ಈ ಕ್ರಮ ತಿರುಗುಮುರುಗು. ಅವನು ಮೊದಲು ಇರುತ್ತಾನೆ, ಅನಂತರ ತನ್ನ ಕ್ರಿಯೆಗಳಿಂದ ತಾನೇನೆಂಬುದನ್ನು ರೂಪಿಸಿಕೊಳ್ಳುತ್ತಾನೆ. ಶಿಕ್ಷಣವನ್ನು ಅಚ್ಚಿಗೆ ಹಾಕುವ ಕೆಲಸವೆಂದು ತಿಳಿದವರಿಗೆ ಈ ಮಾತು ನೇರವಾಗಿ ತಾಗುತ್ತದೆ. ‘ಒಳ್ಳೆಯ ನಾಗರಿಕ’ನ ಮಾದರಿಯನ್ನು ಮುಂದಿಟ್ಟುಕೊಂಡು ಮಗುವನ್ನು ಅದರಂತೆ ಕಡೆಯುವ ಶಾಲೆ ಮಗುವನ್ನು ಚಾಕುವಿನ ಸಾಲಿಗೆ ಸೇರಿಸುತ್ತದೆ. ಶಿಕ್ಷಣ, ಶಿಕ್ಷೆ ಎರಡೂ ಒಂದೇ ಧಾತುವಿನಿಂದ ಹುಟ್ಟಿದವು. ಹಿಂದಿಯಲ್ಲಿ ‘ಶಿಕ್ಷಾ’ ಎಂದರೆ ವಿದ್ಯೆ, ಕನ್ನಡ ಮರಾಠಿಗಳಲ್ಲಿ ಮಾತ್ರ ದಂಡನೆ. ನಮ್ಮ ಹಳೆಯ ಸಾಲಿಮಠಗಳ ನೆನಪು ಈ ಅರ್ಥದಲ್ಲಿ ಉಳಿದಿದ್ದರೆ ಆಶ್ಚರ್ಯವಿಲ್ಲ.

1943ರ ತನ್ನ ಮುಖ್ಯ ಗ್ರಂಥದಲ್ಲಿ ಸಾರ್ತ್ರ್ ಆತ್ಮವಂಚನೆಯನ್ನು ವಿವರಿಸುತ್ತಾನೆ. ಹೋಟೆಲಿನ ಮಾಣಿಯೊಬ್ಬನು ಮಾಣಿಯ ಪಾತ್ರವನ್ನು ಅತಿಯಾಗಿ ಅಭಿನಯಿಸುತ್ತ, ತಾನು ಅದಷ್ಟೇ ಎಂದು ನಂಬಲು ಹವಣಿಸುವ ಉದಾಹರಣೆ ಪ್ರಸಿದ್ಧವಾದುದು. ಅದರ ಆಸುಪಾಸಿನಲ್ಲಿಯೇ ಬರುವ, ಅಷ್ಟು ಪ್ರಸಿದ್ಧವಲ್ಲದ ಇನ್ನೊಂದು ಉದಾಹರಣೆ ತರಗತಿಗೆ ಹತ್ತಿರದ್ದು. ಗಮನವಿಟ್ಟು ಕೇಳುವ ವಿದ್ಯಾರ್ಥಿಯಾಗಿ ಕಾಣಿಸಿಕೊಳ್ಳಬೇಕೆಂದು ಕಣ್ಣನ್ನು ಗುರುವಿನ ಮೇಲೆ ನೆಟ್ಟು, ಕಿವಿ ತೆರೆದು ಕುಳಿತವನು ಆ ನಟನೆಯಲ್ಲಿಯೇ ದಣಿದು ಕೊನೆಗೆ ಏನನ್ನೂ ಕೇಳದವನಾಗುತ್ತಾನೆ. ಮುಂದಿನ ಬೆಂಚಿನ ಎಷ್ಟೋ ಮುಖಗಳನ್ನು ಈ ಒಂದು ವಾಕ್ಯ ಹಿಡಿದಿಟ್ಟಿದೆ. ಉಪನ್ಯಾಸಕರ ಪಾತ್ರವನ್ನು ಅಭಿನಯಿಸುವವರನ್ನೂ ಅದು ಬಿಡುವುದಿಲ್ಲ. ಇದಕ್ಕೆ ಎದುರಾದ ಸ್ಥಿತಿಯನ್ನು ಕನ್ನಡದಲ್ಲಿ ಕೆಲವರು ‘ಅಧಿಕೃತತೆ’ ಎನ್ನುತ್ತಾರೆ. ಈ ಅನುವಾದ ಸರಿಯಲ್ಲ. ‘ಅಧಿಕೃತ’ ಎಂದೊಡನೆ ಸರಕಾರಿ ಮುದ್ರೆ ನೆನಪಾಗುತ್ತದೆ. ಇಲ್ಲಿ ಬೇಕಾದುದು ಮುದ್ರೆಯ ಹಂಗಿಲ್ಲದ ಪ್ರಾಮಾಣಿಕತೆ.

ಬಿ.ಎಡ್. ಪಠ್ಯಗಳಲ್ಲಿ ಅಸ್ತಿತ್ವವಾದದ ಶಿಕ್ಷಣದ ಗುರಿ, ಪಠ್ಯಕ್ರಮ, ಬೋಧನಾವಿಧಾನ, ಶಿಸ್ತು ಎಂದು ಪಟ್ಟಿ ಮಾಡಿರುತ್ತಾರೆ. ಸಾರ್ತ್ರ್ ಅಂಥದೊಂದು ಶಿಕ್ಷಣಶಾಸ್ತ್ರವನ್ನು ಬರೆಯಲಿಲ್ಲ. 1958ರಲ್ಲಿ ಜಾರ್ಜ್ ನೆಲ್ಲರ್, 1966ರಲ್ಲಿ ವ್ಯಾನ್ ಕ್ಲೀವ್ ಮಾರಿಸ್ ಮೊದಲಾದ ಅಮೆರಿಕದ ವಿದ್ವಾಂಸರು ತತ್ತ್ವದಿಂದ ಶಿಕ್ಷಣಕ್ಕೆ ಹೊಂದುವುದನ್ನು ಹೆಕ್ಕಿ ತೆಗೆದರು. 1921ರಲ್ಲಿ ಎ. ಎಸ್. ನೀಲ್ ಆರಂಭಿಸಿದ ಸಮ್ಮರ್‌ಹಿಲ್ ಶಾಲೆಯನ್ನೂ ಈ ಸಾಲಿಗೆ ಎಳೆಯುವುದುಂಟು. ಪಾಠಕ್ಕೆ ಬರುವುದೂ ಬಿಡುವುದೂ ಅಲ್ಲಿ ಮಕ್ಕಳ ಇಚ್ಛೆ. ಆದರೆ ನೀಲನ ಬೇರುಗಳು ಮನೋವಿಶ್ಲೇಷಣೆಯಲ್ಲಿವೆ.

‘ನೀನು ಸ್ವತಂತ್ರ’ ಎಂಬ ಮಾತು ಎಲ್ಲರಿಗೂ ಒಂದೇ ಅರ್ಥ ಕೊಡುತ್ತದೆಯೆ ಎಂಬುದು ನಿಜವಾದ ತೊಡಕು. ಆಲ್ಬರ್ಟ್ ಕಾಮುವಿನ ಬಾಲ್ಯ ಈ ಪ್ರಶ್ನೆಯನ್ನು ಎತ್ತುತ್ತದೆ. (ತಾನು ಅಸ್ತಿತ್ವವಾದಿಯಲ್ಲವೆಂದು ಅವನು ಸ್ಪಷ್ಟವಾಗಿ ಹೇಳಿದ್ದರೂ ನಮ್ಮ ವಿಮರ್ಶೆ ಅವನನ್ನು ಆ ಗುಂಪಿನಿಂದ ಬಿಡುಗಡೆ ಮಾಡಿಲ್ಲ.) 1913ರಲ್ಲಿ ಅಲ್ಜೀರಿಯದಲ್ಲಿ ಹುಟ್ಟಿದ ಅವನು ಮರುವರ್ಷವೇ ತಂದೆಯನ್ನು ಮಹಾಯುದ್ಧದಲ್ಲಿ ಕಳೆದುಕೊಂಡನು. ತಾಯಿಗೆ ಕಿವಿ ಮಂದ, ಓದು ಬಾರದು. ಅವರಿವರ ಮನೆಗಳನ್ನು ಶುಚಿಗೊಳಿಸಿ ಸಂಸಾರ ಸಾಗಿಸುತ್ತಿದ್ದಳು. ಪ್ರಾಥಮಿಕ ಶಾಲೆ ಮುಗಿದೊಡನೆ ಹುಡುಗನು ದುಡಿಯಲಿ ಎಂಬುದು ಮನೆಯ ಯಜಮಾನಿಕೆ ಹಿಡಿದಿದ್ದ ಅಜ್ಜಿಯ ಇಚ್ಛೆ. ಶಾಲೆಯ ಶಿಕ್ಷಕ ಲೂಯಿ ಜರ್ಮೇನ್ ಅಜ್ಜಿಯನ್ನು ಒಪ್ಪಿಸಿದನು. ಹೆಚ್ಚಿನ ಪಾಠ ಹೇಳಿ ವಿದ್ಯಾರ್ಥಿವೇತನದ ಪರೀಕ್ಷೆಗೆ ಸಿದ್ಧಗೊಳಿಸಿದನು. 1957ರಲ್ಲಿ ನೊಬೆಲ್ ಪ್ರಶಸ್ತಿ ಬಂದಾಗ ತಾಯಿಯ ತರುವಾಯ ಮೊದಲು ನೆನಪಾದದ್ದು ಈ ಗುರು ಎಂದು ಕಾಮು ಅವನಿಗೆ ಪತ್ರ ಬರೆದನು.

ಜರ್ಮೇನ್ ಅಂದು ‘ಆಯ್ದುಕೊ’ ಎಂದು ಸುಮ್ಮನಿದ್ದಿದ್ದರೆ ಆಯ್ಕೆಯೇ ಇರುತ್ತಿರಲಿಲ್ಲ. ಆಯ್ಕೆ ಸಾಧ್ಯವಾಗುವ ನೆಲೆಗೆ ಹುಡುಗನನ್ನು ತಂದು ನಿಲ್ಲಿಸುವುದು ಗುರುವಿನ ಕೆಲಸವಾಯಿತು. ಆ ನೆಲೆಯ ಆಚೆಗೆ ಅವನು ಕೈ ಹಾಕಲಿಲ್ಲ ಎಂಬುದು ಅಷ್ಟೇ ಮುಖ್ಯ. ಕಾಮುವಿಗೆ ಮುಂದೆ ಬರೆದ ಪತ್ರವೊಂದರಲ್ಲಿ ಜರ್ಮೇನ್, ತನ್ನ ಸತ್ಯವನ್ನು ತಾನೇ ಹುಡುಕಿಕೊಳ್ಳುವ ಮಗುವಿನ ಹಕ್ಕನ್ನು ವೃತ್ತಿಯುದ್ದಕ್ಕೂ ಗೌರವಿಸಿದೆನೆಂದೂ, ದೇವರ ವಿಷಯ ಬಂದಾಗ ನಂಬುವವರಿದ್ದಾರೆ, ನಂಬದವರೂ ಇದ್ದಾರೆ ಎಂದಷ್ಟೇ ಹೇಳುತ್ತಿದ್ದೆನೆಂದೂ ತಿಳಿಸುತ್ತಾನೆ. ಸಾರ್ತ್ರ್‌ನ ಉತ್ತರಕ್ಕಿಂತ ಈ ಸಾಮಾನ್ಯ ಶಿಕ್ಷಕನ ನಡತೆಯೇ ಶಿಕ್ಷಣಕ್ಕೆ ಹೆಚ್ಚು ಬೆಳಕು ಕೊಡುತ್ತದೆ ಎನ್ನಬೇಕು. ಸಿಮೊನ್ ದ ಬೊವ್ವಾ 1947ರ ನೀತಿಗ್ರಂಥದಲ್ಲಿ ಈ ಕೊರತೆಯನ್ನು ಗುರುತಿಸಿದಳು. ಮಗುವಿಗೆ ಹಿರಿಯರ ಮೌಲ್ಯಗಳು ಕಲ್ಲುಮರಗಳಷ್ಟೇ ಸಿದ್ಧವಸ್ತುಗಳಾಗಿ ತೋರುತ್ತವೆ; ಹದಿಹರೆಯದಲ್ಲಿ ಅವು ಬಿರುಕು ಬಿಡುತ್ತವೆ. ಆದರೆ ದಾಸ್ಯದಲ್ಲಿರುವ ಎಷ್ಟೋ ಜನರಿಗೆ ಆ ಬಿರುಕು ಕಾಣುವ ಅವಕಾಶವನ್ನೇ ಲೋಕ ಕೊಡುವುದಿಲ್ಲ.

ಹುಟ್ಟಿದ ಊರು, ಮನೆಮಾತು, ಕಾಲ ಇವು ಯಾರ ಆಯ್ಕೆಯೂ ಅಲ್ಲ. ಅಸ್ತಿತ್ವವಾದಿಗಳು ಇದನ್ನು ದತ್ತಸ್ಥಿತಿ ಎನ್ನುತ್ತಾರೆ. ಅಕ್ಕಲಕೋಟೆ, ಜತ್ತ ಸೀಮೆಯ ವಿದ್ಯಾರ್ಥಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಂಸ್ಥಾನಗಳು 1948ರಲ್ಲಿ ವಿಲೀನವಾದದ್ದು, 1956ರಲ್ಲಿ ಗೆರೆ ಎಳೆದದ್ದು ಅವನನ್ನು ಕೇಳಿ ಅಲ್ಲ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ನೌಕರಿಯ ಅರ್ಜಿಯಲ್ಲಿ ಇಂಗ್ಲಿಷ್ ಎಂಬುದು ದತ್ತ. ‘ಗಡಿಯವರಿಂದ ಏನಾದೀತು’ ಎಂದು ಕೈಚೆಲ್ಲುವುದು ಆತ್ಮವಂಚನೆ. ಗಡಿಯೇ ಇಲ್ಲವೆಂಬಂತೆ ನಡೆದುಕೊಳ್ಳುವುದೂ ಆತ್ಮವಂಚನೆಯೇ. ಐಚ್ಛಿಕ ಎಂಬ ಪದದಲ್ಲಿ ಇಚ್ಛೆ ಇದೆ. ಬೇರೆ ವಿಷಯದಲ್ಲಿ ಸೀಟು ಸಿಗದೆ ಬಂದವರೂ ಒಂದಲ್ಲ ಒಂದು ದಿನ ಅದನ್ನು ಇಚ್ಛಿಸಬೇಕಾಗುತ್ತದೆ, ಇಲ್ಲವೆ ಮೂರು ವರ್ಷ ನಟಿಸಬೇಕಾಗುತ್ತದೆ.

ಕನ್ನಡದಲ್ಲಿ ಈ ತಳಮಳದ ಅತ್ಯಂತ ಆಳವಾದ ಚಿತ್ರ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿದೆ (1965). ಅದನ್ನು ಶಿಕ್ಷಣದ ಕಾದಂಬರಿಯಾಗಿ ಓದುವವರು ವಿರಳ. ಪ್ರಾಣೇಶಾಚಾರ್ಯರು ವಿದ್ವಾಂಸರು, ಅಗ್ರಹಾರಕ್ಕೆಲ್ಲ ಪುರಾಣ ಹೇಳುವ ಗುರು. ನಾರಣಪ್ಪನ ಶವ ಬಿದ್ದಿರುವಾಗ ಅವರು ಓಲೆಗರಿಗಳನ್ನು ಹುಡುಕುತ್ತಾರೆ, ಉತ್ತರವಿಲ್ಲ. ಮಾರುತಿಯ ಗುಡಿಯಲ್ಲಿ ಪ್ರಸಾದಕ್ಕಾಗಿ ಕಾಯುತ್ತಾರೆ, ಹೂವು ಬೀಳುವುದಿಲ್ಲ. ಸಾರ್ತ್ರ್‌ನ ಶಿಷ್ಯ ಧರ್ಮವನ್ನೂ ಕಾಂಟನನ್ನೂ ತಟ್ಟಿ ಬರಿಗೈಯಲ್ಲಿ ನಿಂತಂತೆಯೇ ಇದು. ವ್ಯತ್ಯಾಸವೆಂದರೆ ಇಲ್ಲಿ ಬರಿಗೈಯಾದವನು ಗುರು. ಅವರು ಹುಡುಕುತ್ತಿದ್ದ ಉತ್ತರವನ್ನು ಕೊನೆಗೆ ಓದುಬರಹದ ಪ್ರತಿಷ್ಠೆಯಿಲ್ಲದ ಚಂದ್ರಿ ರಾತ್ರೋರಾತ್ರಿ ಶವವನ್ನು ಸುಡಿಸಿ ಮುಗಿಸುತ್ತಾಳೆ; ಆ ಸುದ್ದಿ ಆಚಾರ್ಯರಿಗೆ ತಿಳಿಯುವುದೂ ಇಲ್ಲ. ಇದು ಪಡುವಣದಿಂದ ತಂದ ತತ್ತ್ವವೆಂಬ ಆಕ್ಷೇಪಣೆ ಹಳೆಯದು. ಲೇಖಕರು ಅದನ್ನು ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಬರೆದರೆಂಬುದು ನಿಜ. ಆದರೆ ಓಲೆಗರಿ, ಮಾರುತಿ, ಹಸಿದ ಅಗ್ರಹಾರ ಯಾವುದೂ ಹಡಗಿನಲ್ಲಿ ಬಂದುದಲ್ಲ.

ಆಚಾರ್ಯರು ಊರಿಗೆ ಮರಳಿ ಎಲ್ಲವನ್ನೂ ಹೇಳಿದರೆ, ಇಲ್ಲವೆ? ವಿದ್ಯಾರ್ಥಿಗಳು ತಪ್ಪದೆ ಕೇಳುವ ಪ್ರಶ್ನೆ ಇದು. ಕಾದಂಬರಿ ಅವರನ್ನು ದೂರ್ವಾಸಪುರದ ಕಡೆಗೆ ಸಾಗುವ ಗಾಡಿಯಲ್ಲಿ ಕೂರಿಸಿ, ಇನ್ನೂ ದಾರಿಯಲ್ಲಿರುವಾಗಲೇ ಮುಗಿಯುತ್ತದೆ.