ಕೆನಡಾ ಪಿ.ಆರ್.: ದುಡ್ಡು ಕಟ್ಟುವ ಮೊದಲು ಅಂಕ ಎಣಿಸೋಣ

(ಸಂಘದ ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿರಿ. ಉಳಿದವರು ಕೇಳಿ ಚರ್ಚಿಸಿರಿ.)



ಒಂದು ಸಂಘದ ಸಭೆಗೆ ಹೋಗಿದ್ದಾಗ ಸದಸ್ಯೆಯೊಬ್ಬರು ಮೂರು ಲಕ್ಷ ರೂಪಾಯಿ ಸಾಲ ಕೇಳಿದರು. ಅವರ ಮಗಳಿಗೆ 28 ವರ್ಷ. ಬಿ.ಎಸ್ಸಿ. ನರ್ಸಿಂಗ್ ಓದಿ ನಾಲ್ಕು ವರ್ಷದಿಂದ ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದಾಳೆ. "ಏಜೆಂಟರಿಗೆ ಕಟ್ಟಿದರೆ ಆರು ತಿಂಗಳಲ್ಲಿ ಕೆನಡಾ ಪಿ.ಆರ್. ಗ್ಯಾರಂಟಿ ಅಂತೆ ಸಿಸ್ಟರ್" ಎಂದರು. ಬಳೆಗಳು ಆಗಲೇ ಅಡವಿಗೆ ಹೋಗಿದ್ದವು. "ಮಗಳಿಗೆ ಎಷ್ಟು ಅಂಕ ಬರುತ್ತದೆ?" ಎಂದು ಕೇಳಿದೆ. ಅಂಕ ಅಂತ ಒಂದಿದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಅಂದು ಅಲ್ಲಿಯೇ ಕುಳಿತು ಮಾಡಿದ ಲೆಕ್ಕವೇ ಈ ತಿಂಗಳ ಪಾಠ.

ಪಿ.ಆರ್. ಅಂದರೇನು?

ಪಿ.ಆರ್. ಅಂದರೆ ಕಾಯಂ ವಾಸದ ಹಕ್ಕು. ಅದು ಸಿಕ್ಕಿದವರು ಕೆನಡಾದಲ್ಲಿ ವಾಸಿಸಬಹುದು, ದುಡಿಯಬಹುದು, ಓದಬಹುದು. ಅದು ಪೌರತ್ವವಲ್ಲ; ಪಾಸ್‌ಪೋರ್ಟ್ ನಮ್ಮ ದೇಶದ್ದೇ ಇರುತ್ತದೆ, ಅಲ್ಲಿ ಮತ ಹಾಕುವಂತಿಲ್ಲ. ಹಕ್ಕು ಉಳಿಯಬೇಕಾದರೆ ಐದು ವರ್ಷದಲ್ಲಿ 730 ದಿನವಾದರೂ ಅಲ್ಲಿರಬೇಕು. ಅರ್ಜಿಯಲ್ಲಿ ಗಂಡ ಅಥವಾ ಹೆಂಡತಿಯನ್ನೂ, ಮದುವೆಯಾಗದ 22 ವರ್ಷದೊಳಗಿನ ಮಕ್ಕಳನ್ನೂ ಸೇರಿಸಬಹುದು. ತಂದೆತಾಯಿಯನ್ನು ಸೇರಿಸಲಾಗುವುದಿಲ್ಲ. "ಮಗಳ ಜೊತೆ ನೀವೂ ಹೋಗಬಹುದು" ಎಂದು ಯಾರಾದರೂ ಹೇಳಿದರೆ ನಂಬಬೇಡಿ.

67 ಅಂಕದ ಲೆಕ್ಕ

ನುರಿತ ಕೆಲಸಗಾರರನ್ನು ಆರಿಸಲು ಕೆನಡಾ ಸರಕಾರ 2015ರ ಜನವರಿಯಲ್ಲಿ 'ಎಕ್ಸ್‌ಪ್ರೆಸ್ ಎಂಟ್ರಿ' ಎಂಬ ಪದ್ಧತಿ ತಂದಿತು. ವಿದೇಶದಲ್ಲಿ ದುಡಿದ ಅನುಭವದ ಮೇಲೆ ಅರ್ಜಿ ಹಾಕುವವರಿಗೆ 2025ರ ನಿಯಮದಂತೆ 100ರಲ್ಲಿ 67 ಅಂಕ ಬೇಕು. ಗರಿಷ್ಠ ಅಂಕಗಳು ಹೀಗಿವೆ: ಭಾಷೆ 28, ವಿದ್ಯೆ 25, ಅನುಭವ 15, ವಯಸ್ಸು 12, ಕೆನಡಾದ ಕೆಲಸದ ಕರೆ 10, ಹೊಂದಿಕೊಳ್ಳುವ ಅನುಕೂಲ 10.

ನಮ್ಮ ಸದಸ್ಯೆಯ ಮಗಳನ್ನೇ ತೆಗೆದುಕೊಳ್ಳೋಣ. ವಯಸ್ಸು 18ರಿಂದ 35ರ ಒಳಗೆ ಇರುವುದರಿಂದ 12. ಪದವಿಗೆ 21. ನಾಲ್ಕು ವರ್ಷದ ಅನುಭವಕ್ಕೆ 13. ಒಟ್ಟು 46. ಉಳಿದ 21 ಅಂಕ ಎಲ್ಲಿಂದ? ಕೆಲಸದ ಕರೆ ಇಲ್ಲ, ಅಲ್ಲಿ ಬಂಧುಗಳೂ ಇಲ್ಲ. ಇರುವುದು ಇಂಗ್ಲಿಷ್ ಒಂದೇ.

ಐಇಎಲ್‌ಟಿಎಸ್ ಜನರಲ್ ಪರೀಕ್ಷೆಯಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ನಾಲ್ಕರಲ್ಲೂ 6 ಬಂದರೆ 16 ಅಂಕ. ಒಟ್ಟು 62; ಸಾಲದು. ಕೇಳುವುದರಲ್ಲಿ 7.5, ಉಳಿದವುಗಳಲ್ಲಿ 6.5 ಬಂದರೆ 20 ಅಂಕ. ಒಟ್ಟು 66, ಒಂದೇ ಅಂಕ ಕಡಿಮೆ! ಕೇಳುವುದರಲ್ಲಿ 8, ಉಳಿದವುಗಳಲ್ಲಿ 7 ಬಂದರೆ 24 ಅಂಕ. ಒಟ್ಟು 70, ಬಾಗಿಲು ತೆರೆಯಿತು.

ಈ ಅಂಕವನ್ನು ಯಾವ ಏಜೆಂಟರೂ ತಂದುಕೊಡಲಾರರು. ಹುಡುಗಿಯೇ ಕುಳಿತು ಓದಿ ತರಬೇಕು.

ಅರ್ಜಿಯ ಹೆಜ್ಜೆಗಳು

1. ಭಾಷಾ ಪರೀಕ್ಷೆ ಬರೆಯುವುದು. ಫಲಿತಾಂಶ ಎರಡು ವರ್ಷ ಮಾತ್ರ ನಡೆಯುತ್ತದೆ.

2. ನಮ್ಮ ಪದವಿ ಅಲ್ಲಿಯ ಯಾವ ಮಟ್ಟಕ್ಕೆ ಸಮ ಎಂಬ ಮೌಲ್ಯಮಾಪನ ವರದಿ ತರಿಸುವುದು. ಜಿ.ಎನ್.ಎಂ. ಮಾಡಿದವರಿಗೆ ಎಷ್ಟು ಅಂಕ ಎಂಬುದು ಈ ವರದಿ ಬಂದ ಮೇಲೆಯೇ ತಿಳಿಯುವುದು.

3. ಅನುಭವ ಪತ್ರ. ಕಳೆದ ಹತ್ತು ವರ್ಷದಲ್ಲಿ ಕನಿಷ್ಠ ಒಂದು ವರ್ಷ ಬಿಡದೆ ಸಂಬಳದ ಕೆಲಸ ಮಾಡಿರಬೇಕು. ಸಂಬಳವಿಲ್ಲದ ತರಬೇತಿ ಲೆಕ್ಕಕ್ಕಿಲ್ಲ. ಪತ್ರದಲ್ಲಿ ಹುದ್ದೆ, ಮಾಡಿದ ಕೆಲಸ, ವಾರದ ಗಂಟೆ, ಸಂಬಳ, ಸೇರಿದ ಮತ್ತು ಬಿಟ್ಟ ದಿನ ಎಲ್ಲವೂ ಇರಲಿ.

4. ಸರಕಾರದ ವೆಬ್‌ಸೈಟಿನಲ್ಲಿ ವಿವರ ತುಂಬುವುದು. ಇದಕ್ಕೆ ಶುಲ್ಕವಿಲ್ಲ. ಇಲ್ಲಿ 1,200 ಅಂಕಗಳ ಇನ್ನೊಂದು ಲೆಕ್ಕದಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಮೇಲಿನವರನ್ನು ಕರೆಯುತ್ತಾರೆ. 67 ಬಂದ ಮಾತ್ರಕ್ಕೆ ಕರೆ ಬಂದೇ ಬರುತ್ತದೆ ಅಂತಿಲ್ಲ. 2023ರಿಂದ ಆರೋಗ್ಯ ಕ್ಷೇತ್ರದವರಿಗೆ ಪ್ರತ್ಯೇಕ ಕರೆಯನ್ನೂ ಕೊಡುತ್ತಾ ಬಂದಿದ್ದಾರೆ.

5. ಕರೆ ಬಂದರೆ 60 ದಿನದೊಳಗೆ ಪೂರ್ಣ ಅರ್ಜಿ, ಪೊಲೀಸ್ ಪ್ರಮಾಣಪತ್ರ, ವೈದ್ಯಕೀಯ ಪರೀಕ್ಷೆ, ಶುಲ್ಕ. 2024ರ ಏಪ್ರಿಲ್ 30ರಿಂದ ಒಬ್ಬರಿಗೆ ಸರಕಾರಿ ಶುಲ್ಕ 1,525 ಕೆನಡಾ ಡಾಲರ್ ಎಂದು ನಿಗದಿಯಾಗಿತ್ತು. ಎರಡು ವರ್ಷಕ್ಕೊಮ್ಮೆ ಇದನ್ನು ಪರಿಷ್ಕರಿಸುವುದರಿಂದ ಕಟ್ಟುವ ಮೊದಲು ಅದೇ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ.

ಒಂದು ಮಾತು ನೆನಪಿರಲಿ. ಪಿ.ಆರ್. ಸಿಕ್ಕಿದರೂ ನರ್ಸ್ ಕೆಲಸಕ್ಕೆ ಅಲ್ಲಿಯ ಪ್ರಾಂತ್ಯದ ನೋಂದಣಿ ಬೇರೆಯೇ ಆಗಬೇಕು. ಅಲ್ಲಿಯವರೆಗಿನ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಸಾಲದ ಹಣ ತೋರಿಸುವಂತಿಲ್ಲ

ಅಲ್ಲಿ ಇಳಿದ ಮೇಲೆ ಜೀವನ ನಡೆಸಲು ಕೈಯಲ್ಲಿ ಹಣವಿದೆ ಎಂದು ತೋರಿಸಬೇಕು. 2025ರ ಜುಲೈಯಲ್ಲಿ ಒಬ್ಬರಿಗೆ ಇದು 15,263 ಡಾಲರ್, ಅಂದರೆ ಆಗಿನ ದರದಲ್ಲಿ ನಮ್ಮ ಒಂಬತ್ತು ಲಕ್ಷ ರೂಪಾಯಿಗೂ ಹೆಚ್ಚು. ಇದು ಯಾರಿಗೂ ಕಟ್ಟುವ ಹಣವಲ್ಲ, ಅವರದೇ ಖಾತೆಯಲ್ಲಿರಬೇಕು. ಇನ್ನೊಬ್ಬರಿಂದ ಸಾಲ ತಂದ ಹಣ ನಡೆಯುವುದಿಲ್ಲ. ಮನೆ, ಜಾಗದ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬ್ಯಾಂಕಿನ ಪತ್ರದಲ್ಲಿ ಆರು ತಿಂಗಳ ಸರಾಸರಿ ಉಳಿಕೆಯೂ, ಇರುವ ಸಾಲವೂ ಕಾಣಿಸಬೇಕು. ಆದ್ದರಿಂದ ಸಂಘದ ಹಣವನ್ನು ನಾಲ್ಕು ದಿನ ಖಾತೆಗೆ ಹಾಕಿ ತೋರಿಸಿ ಬಿಡೋಣ ಎನ್ನುವ ಯೋಚನೆ ಬೇಡ. ಸುಳ್ಳು ದಾಖಲೆ ಕೊಟ್ಟು ಸಿಕ್ಕಿಬಿದ್ದರೆ ಐದು ವರ್ಷ ಕೆನಡಾದ ಬಾಗಿಲು ಮುಚ್ಚಿದ ಹಾಗೆಯೇ.

ಏಜೆಂಟರ ಬಳಿ ಹೋಗಲೇಬೇಕೆ?

ಬೇಕಾಗಿಲ್ಲ. ಏಜೆಂಟರ ಮೂಲಕ ಹೋದ ಅರ್ಜಿಗೆ ಯಾವ ವಿಶೇಷ ಮನ್ನಣೆಯೂ ಇಲ್ಲ. ದುಡ್ಡು ಕೊಟ್ಟು ಸಹಾಯ ಪಡೆಯುವುದಾದರೆ ಅವರು ಕೆನಡಾದ ವಲಸೆ ಸಲಹೆಗಾರರ ಕಾಲೇಜಿನ ಪರವಾನಗಿ ಇರುವವರೋ ಅಲ್ಲಿಯ ವಕೀಲರೋ ಎಂದು ಖಚಿತಪಡಿಸಿಕೊಳ್ಳಿ. ಪರವಾನಗಿದಾರರ ಪಟ್ಟಿಯನ್ನು ಯಾರು ಬೇಕಾದರೂ ಇಂಟರ್ನೆಟ್ಟಿನಲ್ಲಿ ನೋಡಬಹುದು. ವಿದೇಶದಲ್ಲಿ ಕೆಲಸ ಕೊಡಿಸುವ ಏಜೆಂಟರಾದರೆ ನಮ್ಮ ದೇಶದ 1983ರ ವಲಸೆ ಕಾಯಿದೆಯಡಿ ನೋಂದಣಿ ಬೇಕು. ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಅವರ ಹೆಸರು ಇದೆಯೇ ನೋಡಿ. "ಗ್ಯಾರಂಟಿ" ಎಂದವರಿಂದ, ರಸೀದಿ ಕೊಡದವರಿಂದ, ಮೂಲ ಸರ್ಟಿಫಿಕೇಟು ಇಟ್ಟುಕೊಳ್ಳುವವರಿಂದ ದೂರವಿರಿ.

ಅಂದಿನ ಸಭೆಯಲ್ಲಿ ಸದಸ್ಯರು ಸಾಲ ಇಲ್ಲ ಎನ್ನಲಿಲ್ಲ. ಮೂರು ಲಕ್ಷದ ಬದಲು ಇಂಗ್ಲಿಷ್ ತರಬೇತಿಗೂ ಪರೀಕ್ಷಾ ಶುಲ್ಕಕ್ಕೂ ಬೇಕಾದಷ್ಟು ಮಾತ್ರ ಕೊಟ್ಟು, ಫಲಿತಾಂಶ ಬಂದ ಮೇಲೆ ಮುಂದಿನದು ನೋಡೋಣ ಎಂದು ನಿರ್ಣಯ ಬರೆದರು. ಅಂಕ ಬಾರದಿದ್ದರೂ ತೀರಿಸಬಲ್ಲ ಸಾಲ ಅದು. ಕಲಿತ ಇಂಗ್ಲಿಷ್ ಎಲ್ಲಿ ಹೋದರೂ ಉಪಯೋಗಕ್ಕೆ ಬರುತ್ತದೆ.

ಚರ್ಚೆಗೆ

1. ನಮ್ಮ ಸಂಘದಲ್ಲಿ ಯಾರ ಮಕ್ಕಳು ವಿದೇಶಕ್ಕೆ ಹೋಗಲು ಯೋಚಿಸುತ್ತಿದ್ದಾರೆ? ಅವರ ಅಂಕ ಎಷ್ಟಾಗುತ್ತದೆ?

2. ವಿದೇಶಕ್ಕೆಂದು ಸಾಲ ಕೇಳಿದಾಗ ಸಂಘ ಯಾವ ಯಾವ ಕಾಗದ ನೋಡಬೇಕು?

3. ಕರೆ ಬಾರದೇ ಹೋದರೆ ಆ ಸಾಲವನ್ನು ಯಾರು, ಯಾವ ಆದಾಯದಿಂದ ತೀರಿಸುತ್ತಾರೆ?