ಮೂಕಜೀವಿಯ ಕೊನೆಯ ದಿನಗಳು

ಒಂದು ಬೆಳಿಗ್ಗೆ ಮದ್ರಸದ ಐದನೇ ತರಗತಿಯಲ್ಲಿ ಹುಡುಗಿಯೊಬ್ಬಳು ಪಾಠದ ಮಧ್ಯೆ ಎದ್ದು ನಿಂತು ಕೇಳಿದಳು: "ಉಸ್ತಾದ್, ನಮ್ಮ ಮನೆಯ ಬೆಕ್ಕಿಗೆ ವಯಸ್ಸಾಗಿದೆ. ಏನೂ ತಿನ್ನುವುದಿಲ್ಲ, ಮಲಗಿದಲ್ಲೇ ಹೊಲಸು ಮಾಡುತ್ತದೆ. ಮೀನು ಮಾರುಕಟ್ಟೆಯಲ್ಲಿ ಬಿಟ್ಟು ಬರೋಣ ಎನ್ನುತ್ತಿದ್ದಾರೆ. ಅದು ತಪ್ಪಲ್ಲವೇ?"

ನಾನು ಕೂಡಲೇ ಉತ್ತರಿಸಲಿಲ್ಲ. ಅವಳಷ್ಟೇ ವಯಸ್ಸಿನಲ್ಲಿ ನಾನು ಅದೇ ಕೆಲಸವನ್ನು ಕೈಯಾರೆ ಮಾಡಿದ್ದೆ. ಗೋಣಿಚೀಲದಲ್ಲಿ ಹಾಕಿ, ಬಾಯಿ ಕಟ್ಟಿ, ಸೈಕಲಿನ ಹಿಂದೆ ಇಟ್ಟು ಕೊಂಡೊಯ್ದು ಬಿಟ್ಟು ಬಂದಿದ್ದೆ. "ಅಲ್ಲಿ ಮೀನಿನ ತಲೆ ಧಾರಾಳ ಸಿಗುತ್ತದೆ" ಎಂದು ಹಿರಿಯರು ಹೇಳಿದ್ದರು. ಹಲ್ಲುದುರಿದ ಬೆಕ್ಕು ಮೀನಿನ ತಲೆಯನ್ನು ಹೇಗೆ ಜಗಿದೀತು, ಅಲ್ಲಿನ ಕೊಬ್ಬಿದ ಬೆಕ್ಕು, ನಾಯಿಗಳ ನಡುವೆ ಹೇಗೆ ಬಾಳೀತು ಎಂದು ನಮ್ಮಲ್ಲಿ ಯಾರೂ ಯೋಚಿಸಲಿಲ್ಲ. ಹತ್ತು ವರ್ಷ ನಮ್ಮ ಅಕ್ಕಿಯ ಮುಡಿಗಳನ್ನು ಇಲಿಗಳಿಂದ ಕಾಯ್ದ ಜೀವಿ ಅದು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬಂತಾಯಿತು.

ಬೆಕ್ಕಿನ ಕಾರಣದಿಂದ ನರಕ ಸೇರಿದ ಸ್ತ್ರೀಯ ಹದೀಸ್ ನಮಗೆಲ್ಲ ಬಾಯಿಪಾಠ. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಅದು ವರದಿಯಾಗಿದೆ. ಅವಳು ಬೆಕ್ಕನ್ನು ಕಟ್ಟಿ ಹಾಕಿದಳು, ತಾನಾಗಿ ಉಣಿಸಲಿಲ್ಲ, ನೆಲದ ಹುಳುಹುಪ್ಪಟೆಗಳನ್ನು ತಿಂದು ಬದುಕಲೂ ಬಿಡಲಿಲ್ಲ. "ನಾವು ಕಟ್ಟಿ ಹಾಕಲಿಲ್ಲವಲ್ಲ, ಬಿಟ್ಟೆವಲ್ಲ" ಎಂದು ಕೆಲವರು ಸಮಾಧಾನಪಟ್ಟುಕೊಳ್ಳುತ್ತಾರೆ. ಓದುಗರೇ, ಹದೀಸನ್ನು ಮತ್ತೊಮ್ಮೆ ಗಮನಿಸಿ. ಬೇಟೆಯಾಡಿ ತಿನ್ನಬಲ್ಲ ಜೀವಿಗೆ ಮಾತ್ರ ಬಿಡುಗಡೆ ಎಂಬುದು ಬಿಡುಗಡೆ. ಏಳಲಾರದ ಜೀವಿಗೆ ಅದು ಹಗ್ಗವಿಲ್ಲದ ಕಟ್ಟು, ಅಷ್ಟೆ. ಹಸಿವಿಗೆ ಗುರಿಯಾಗುವಂತೆ ಪ್ರಾಣಿಯನ್ನು ತೊರೆಯುವುದು ನಮ್ಮ ದೇಶದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲೂ ಅಪರಾಧವೇ. ಆದರೆ ಮುಅ್‌ಮಿನನು ಪೊಲೀಸರಿಗೆ ಮಾತ್ರ ಹೆದರುವವನಲ್ಲ.

ಶಾಫಿಈ ಮದ್‌ಹಬಿನ ಮಹಾನ್ ವಿದ್ವಾಂಸ ಇಮಾಮ್ ಇಝ್ಝುದ್ದೀನ್ ಇಬ್ನು ಅಬ್ದಿಸ್ಸಲಾಮ್ ಡಮಾಸ್ಕಸ್ ಮತ್ತು ಕೈರೋಗಳಲ್ಲಿ ಬಾಳಿ ಹಿಜರಿ 660ರಲ್ಲಿ (ಕ್ರಿ.ಶ. 1262) ನಿಧನರಾದರು. 'ಕವಾಇದುಲ್ ಅಹ್ಕಾಮ್' ಎಂಬ ತಮ್ಮ ಗ್ರಂಥದಲ್ಲಿ ಅವರು ಮನುಷ್ಯನ ಮೇಲೆ ಪ್ರಾಣಿಗಳಿಗಿರುವ ಹಕ್ಕುಗಳನ್ನು ಪಟ್ಟಿ ಮಾಡಿದ್ದಾರೆ. ಶಕ್ತಿ ಮೀರಿ ಹೊರೆ ಹೊರಿಸಬಾರದು, ತಿವಿದು ಗಾಯಗೊಳಿಸುವ ಪ್ರಾಣಿಗಳ ಜೊತೆ ಕೂಡಿಹಾಕಬಾರದು ಎಂಬುದೆಲ್ಲ ಅಲ್ಲಿದೆ. ಆದರೆ ಪಟ್ಟಿಯ ಮೊದಲಿಗೇ ಬರುವುದು ಅದರ ಜೀವನಾಂಶ. ಮುಪ್ಪಿನಿಂದಲೋ ರೋಗದಿಂದಲೋ ಅದು ಪ್ರಯೋಜನಕ್ಕೆ ಬಾರದಂತಾದರೂ ಸರಿ, ಒಡೆಯನು ಅದಕ್ಕೆ ಖರ್ಚು ಮಾಡಲೇಬೇಕು ಎಂದು ಅವರು ಹೇಳುತ್ತಾರೆ. ಕನ್ನಡ ವ್ಯಾಕರಣ ಓದಿದವನಾದ್ದರಿಂದಲೋ ಏನೋ, ನನ್ನ ಕಣ್ಣು ಆ 'ಆದರೂ' ಎಂಬಲ್ಲೇ ನಿಲ್ಲುತ್ತದೆ. ಹಾಲು, ಮೊಟ್ಟೆ, ಕಾವಲು, ಇಲಿಬೇಟೆ ಎಲ್ಲ ನಿಂತ ಮೇಲೂ ಉಳಿಯುವ ಹಕ್ಕು ಅದು.

ಇದು ಗ್ರಂಥದಲ್ಲೇ ಉಳಿದ ಮಾತಲ್ಲ. ದುಡಿದು ಸೋತ ಕುದುರೆಗಳು ಸಾಯುವವರೆಗೂ ಮೇಯಲೆಂದು ಡಮಾಸ್ಕಸ್ಸಿನಲ್ಲಿ ಒಂದು ಹಸಿರು ಹುಲ್ಲುಗಾವಲನ್ನೇ ವಕ್ಫ್ ಮಾಡಲಾಗಿತ್ತೆಂದು ಸಿರಿಯಾದ ವಿದ್ವಾಂಸ ಮುಸ್ತಫಾ ಸಿಬಾಈ (1915-1964) ಬರೆದಿದ್ದಾರೆ. ರೋಗಿಷ್ಠ ಪ್ರಾಣಿಗಳ ಚಿಕಿತ್ಸೆಗೂ ವಕ್ಫ್‌ಗಳಿದ್ದವು. ನಮ್ಮ ಊರಿನ ವಕ್ಫ್ ಅಂಗಡಿಗಳ ಬಾಡಿಗೆಯ ಲೆಕ್ಕವೇ ಸರಿಯಿಲ್ಲದಿರುವಾಗ ಈ ಮಾತು ಕನಸಿನಂತೆ ಕೇಳಿಸಬಹುದು. ಅದಿರಲಿ.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು? ಮೊದಲು ಪಶುವೈದ್ಯರಿಗೆ ತೋರಿಸಿರಿ. ಬೆಕ್ಕು ತನ್ನ ನೋವನ್ನು ಅಡಗಿಸುವ ಪ್ರಾಣಿ. ಮೂಲೆ ಸೇರಿತು, ಮೈ ನೆಕ್ಕಿಕೊಳ್ಳುವುದನ್ನು ಬಿಟ್ಟಿತು, ಬಹಳ ನೀರು ಕುಡಿದರೂ ಒಣಗುತ್ತಾ ಬಂತು ಎಂದರೆ ಅದು ಹಠವಲ್ಲ, ರೋಗ. ಮುದಿ ಬೆಕ್ಕುಗಳಲ್ಲಿ ಮೂತ್ರಪಿಂಡದ ಕಾಯಿಲೆ ಬಹಳ ಸಾಮಾನ್ಯ. ಒಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಕರುಣೆಯಿಂದಲೇ ಆದರೂ ಮಕ್ಕಳ ಜ್ವರದ ಪ್ಯಾರಾಸಿಟಮಾಲ್ ಅನ್ನು ಬೆಕ್ಕಿಗೆ ಕೊಡಬೇಡಿ. ಅದರ ದೇಹ ಆ ಔಷಧಿಯನ್ನು ಅರಗಿಸಲಾರದು. ಒಂದು ಮಾತ್ರೆಯೇ ಅದನ್ನು ಕೊಲ್ಲಬಲ್ಲದು.

ಮೆತ್ತನೆಯ ಹಳೆಬಟ್ಟೆ, ಗಾಳಿ ಬೀಸದ ಬೆಚ್ಚನೆಯ ಜಾಗ, ಹೊಲಸಾದಾಗ ಒದ್ದೆ ಬಟ್ಟೆಯಿಂದ ಒರೆಸುವ ಕೈ, ಇಷ್ಟು ಸಾಕಾಗುತ್ತದೆ. ಬಾಯಿಗೆ ತುರುಕಿ ತಿನ್ನಿಸುವುದು ಬೇಡ. ನೀರನ್ನು ಮುಖದ ಬಳಿಗೇ ಒಯ್ಯಿರಿ. ಅಬೂ ಕತಾದಾ(ರ) ವುಝೂ ಮಾಡುತ್ತಿದ್ದಾಗ ಬೆಕ್ಕೊಂದು ಬಂತು. ಅದಕ್ಕೆ ಕುಡಿಯಲು ಅನುಕೂಲವಾಗಲೆಂದು ಅವರು ಪಾತ್ರೆಯನ್ನೇ ಓರೆ ಮಾಡಿದರು. ಆಶ್ಚರ್ಯಪಟ್ಟ ಸೊಸೆಗೆ, ಬೆಕ್ಕು ಅಶುದ್ಧವಲ್ಲ, ಅದು ನಿಮ್ಮ ನಡುವೆ ಸುತ್ತಾಡುವ ಜೀವಿ ಎಂಬ ಪ್ರವಾದಿವರ್ಯರ(ಸ) ಮಾತನ್ನು ತಿಳಿಸಿದರು. ಅಬೂದಾವೂದ್, ತಿರ್ಮಿದಿಗಳಲ್ಲಿ ಇದು ಇದೆ. (ಪ್ರವಾದಿವರ್ಯರು(ಸ) ಮಲಗಿದ್ದ ಬೆಕ್ಕನ್ನು ಎಬ್ಬಿಸದೆ ಅಂಗಿಯ ತೋಳನ್ನೇ ಕತ್ತರಿಸಿದರೆಂಬ ಕಥೆಯನ್ನು ನಮ್ಮ ಭಾಷಣಕಾರರು ಹೇಳುತ್ತಾರೆ. ಅದಕ್ಕೆ ಹದೀಸ್ ಗ್ರಂಥಗಳ ಆಧಾರವಿಲ್ಲ. ಆಧಾರವಿರುವುದೇ ಸಾಕಷ್ಟಿರುವಾಗ ಇಲ್ಲದ್ದೇಕೆ?)

ಇನ್ನು ಕಠಿಣ ಪ್ರಶ್ನೆ. ನೋವು ಗುಣವಾಗುವುದಿಲ್ಲ ಎಂದು ವೈದ್ಯರೇ ಹೇಳಿ, ಚುಚ್ಚುಮದ್ದಿನಿಂದ ಮುಗಿಸಬಹುದೆಂದು ಸೂಚಿಸಿದರೆ? ಆಡು, ಕೋಳಿಗಳಾದರೆ ದಾರಿ ಸುಲಭ. ಹರಿತವಾದ ಚೂರಿಯಿಂದ, ಕೊಯ್ಯುವಾಗಲೂ ಒಳಿತನ್ನೇ ಪಾಲಿಸಬೇಕೆಂಬ ಪ್ರವಾದಿ ಆದೇಶದಂತೆ ಕೊಯ್ಯಬಹುದು. ಬೆಕ್ಕು, ನಾಯಿಗಳ ವಿಷಯದಲ್ಲಿ ವಿದ್ವಾಂಸರು ಭಿನ್ನರಾಗಿದ್ದಾರೆ. ನಮ್ಮ ಕರಾವಳಿಯ ದರ್ಸ್‌ಗಳಲ್ಲಿ ಓದಿಸುವ, ಪೊನ್ನಾನಿಯ ಝೈನುದ್ದೀನ್ ಮಖ್ದೂಮರು 16ನೇ ಶತಮಾನದಲ್ಲಿ ಬರೆದ 'ಫತ್‌ಹುಲ್ ಮುಈನ್' ಇದನ್ನು ಒಪ್ಪುವುದಿಲ್ಲ. ತಿನ್ನಲಾಗದ ಪ್ರಾಣಿಯನ್ನು, ಅದು ನರಳುವ ಕತ್ತೆಯೇ ಆಗಿರಲಿ, ಸಂಕಟದಿಂದ ಬಿಡಿಸುವ ಉದ್ದೇಶದಿಂದಲೂ ಕೊಯ್ಯಕೂಡದು ಎನ್ನುತ್ತದೆ. ಹನಫೀ ಗ್ರಂಥಗಳಲ್ಲಿ ಅವಕಾಶವಿದೆ. ಆಧುನಿಕ ವಿದ್ವಾಂಸರಲ್ಲೂ ಗುಣವಾಗದ ತೀವ್ರ ನೋವಿದ್ದರೆ ಒಪ್ಪಿದವರಿದ್ದಾರೆ. ನಿಮ್ಮ ಮದ್‌ಹಬಿನ ಆಲಿಮರಲ್ಲಿ ಕೇಳಿರಿ. ನನ್ನ ತಿಳುವಳಿಕೆಯಲ್ಲಿ ಈ ಪ್ರಶ್ನೆಗಿಂತ ಮೊದಲು ಇನ್ನೊಂದಿದೆ. ಅಸಹನೀಯವಾಗಿರುವುದು ಬೆಕ್ಕಿನ ನೋವೋ, ನಮ್ಮ ಮನೆಯ ವಾಸನೆಯೋ? ನೋವು ಶಮನದ ಔಷಧಿಯನ್ನು ಕೇಳದೆಯೇ ಕೊಲ್ಲುವ ಸೂಜಿಯನ್ನು ಕೇಳುವವರನ್ನು ನಾನು ಕಂಡಿದ್ದೇನೆ. ಅನುಮತಿ ದೊರೆತವರೂ ಮೊದಲು ಪ್ರಜ್ಞೆ ತಪ್ಪಿಸುವ ಮದ್ದು ಕೊಟ್ಟ ನಂತರವೇ ಮುಂದುವರಿಯುವಂತೆ ವೈದ್ಯರನ್ನು ಕೇಳಿಕೊಳ್ಳಬೇಕು. ವಿಷ ಹಾಕುವುದಕ್ಕೆ, ನೀರಿನಲ್ಲಿ ಮುಳುಗಿಸುವುದಕ್ಕೆ, ಉಪವಾಸ ಕೆಡವುವುದಕ್ಕೆ ಯಾವ ಮದ್‌ಹಬಿನಲ್ಲೂ ಅನುಮತಿಯಿಲ್ಲ.

ಆ ಹುಡುಗಿಯ ತಂದೆಯೊಡನೆ ಜುಮಾ ನಂತರ ಮಾತನಾಡಿದೆ. ಗೋಣಿಚೀಲದ ನನ್ನ ಕಥೆಯನ್ನೂ ಹೇಳಿದೆ. ಅವರು ಏನೂ ಹೇಳದೆ ಹೋದರು. ಬೆಕ್ಕು ಅವರ ಅಡುಗೆಮನೆಯ ಮೂಲೆಯಲ್ಲೇ ಇನ್ನೂ ಹನ್ನೊಂದು ದಿನ ಇತ್ತು. ತೆಂಗಿನ ಬುಡದಲ್ಲಿ, ನಾಯಿಗಳು ಕೆದಕದಷ್ಟು ಆಳಕ್ಕೆ ಹೂತರಂತೆ. ಪ್ರಾಣಿಗೆ ಜನಾಝಾ ನಮಾಝ್ ಇಲ್ಲ, ಬೇರೆ ಕರ್ಮಗಳೂ ಇಲ್ಲ.

ಮರುದಿನ ಅವಳು ತರಗತಿಯಲ್ಲಿ ಅಳುತ್ತಾ ಕುಳಿತಿದ್ದಳು. ಹುಡುಗರು ನಗತೊಡಗಿದರು. ಅನಸ್(ರ)ರ ಪುಟ್ಟ ತಮ್ಮ ಅಬೂ ಉಮೈರ್ ಸಾಕಿದ್ದ ಪುಟ್ಟ ಹಕ್ಕಿ ಸತ್ತಾಗ, ಪ್ರವಾದಿವರ್ಯರು(ಸ) ಆ ಮಗುವಿನ ಬಳಿ ಬಂದು ಹಕ್ಕಿಯ ಹೆಸರಿಗೆ ಪ್ರಾಸ ಕೂಡಿಸಿ, ಅದಕ್ಕೇನಾಯಿತೆಂದು ವಿಚಾರಿಸಿದ ಹದೀಸನ್ನು ಹೇಳಿದೆ. ನಗು ನಿಂತಿತು. ಅವಳ ಬೆಕ್ಕು ಎಲ್ಲಿಗೆ ಹೋಯಿತೆಂದು ಒಬ್ಬ ಕೇಳಿದ. ಪ್ರಾಣಿಗಳೂ ನಿಮ್ಮಂತೆಯೇ ಸಮುದಾಯಗಳು, ಅವೂ ತಮ್ಮ ಪ್ರಭುವಿನ ಬಳಿ ಒಟ್ಟುಗೂಡಿಸಲ್ಪಡುತ್ತವೆ ಎಂದು ಕುರ್‌ಆನ್ (6:38) ತಿಳಿಸುವುದನ್ನಷ್ಟೇ ಹೇಳಿದೆ. ಆಮೇಲೆ ಅವಳಲ್ಲಿ ಬೆಕ್ಕಿನ ಹೆಸರೇನೆಂದು ಕೇಳಿದೆ. ಅರ್ಧ ಗಂಟೆ ಅದರ ಬಗ್ಗೆಯೇ ಮಾತನಾಡಿದಳು. ಅಂದಿನ ಪಾಠ ನಾಳೆಗೆ ಹೋಯಿತು.