ವೈದ್ಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ ಮತ್ತು ದಿನಚರಿ: ಅಧ್ಯಯನ ಪಾಠ

(ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರ, ಸಮುದಾಯ ಆರೋಗ್ಯ ಕೇಂದ್ರ ಹಾಗೂ ತಾಲ್ಲೂಕು ಆಸ್ಪತ್ರೆಗಳ ವೈದ್ಯಾಧಿಕಾರಿಗಳು, ಶುಶ್ರೂಷಾಧಿಕಾರಿಗಳು ಮತ್ತು ಅಲ್ಲಿಗೆ ನಿಯೋಜಿತರಾದ ವೈದ್ಯ ವಿದ್ಯಾರ್ಥಿಗಳ ಅವಗಾಹನೆಗಾಗಿ)

1. ಪೀಠಿಕೆ

ಎಂಬಿಬಿಎಸ್ ವ್ಯಾಸಂಗವು ನಾಲ್ಕೂವರೆ ವರ್ಷಗಳ ಅಧ್ಯಯನವನ್ನೂ ಒಂದು ವರ್ಷದ ಕಡ್ಡಾಯ ಆವರ್ತನ ತರಬೇತಿಯನ್ನೂ ಒಳಗೊಂಡಿದೆ. ಕುಟುಂಬ ದತ್ತು ಕಾರ್ಯಕ್ರಮದ ಅಡಿಯಲ್ಲಿ ವಿದ್ಯಾರ್ಥಿಗಳು ಮೊದಲ ವರ್ಷದಿಂದಲೇ ಗ್ರಾಮಗಳಿಗೆ ಭೇಟಿ ನೀಡುತ್ತಾರೆ. ತರಬೇತಿಯ ವರ್ಷದಲ್ಲಿ ಸಮುದಾಯ ವೈದ್ಯಶಾಸ್ತ್ರದ ಅವಧಿಗೆ ನಮ್ಮ ಆರೋಗ್ಯ ಕೇಂದ್ರಗಳಲ್ಲಿಯೇ ಕರ್ತವ್ಯ ನಿರ್ವಹಿಸುತ್ತಾರೆ. ಆದುದರಿಂದ ಅವರ ಕ್ಷೇಮವು ಕಾಲೇಜಿನ ಹೊಣೆಯಾಗಿರುವಂತೆಯೇ ಅವರೊಡನೆ ಕೆಲಸ ಮಾಡುವ ಸಿಬ್ಬಂದಿಯ ಹೊಣೆಯೂ ಆಗಿರುತ್ತದೆ.

ಗರ್ಭಿಣಿಯ ಊಟ, ವಿಶ್ರಾಂತಿಗಳನ್ನು ಶ್ರದ್ಧೆಯಿಂದ ವಿಚಾರಿಸುವ ತರುಣ ವೈದ್ಯರು, ತಮ್ಮ ಊಟ ನಿದ್ರೆಗಳ ಬಗ್ಗೆ ಯಾರಾದರೂ ಕೇಳಿದರೆ ನಕ್ಕು ಮಾತು ತೇಲಿಸುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆ ನಗೆಯ ಹಿಂದೆ ಕೆಲವೊಮ್ಮೆ ಬರೀ ಆಯಾಸವಿರುತ್ತದೆ, ಕೆಲವೊಮ್ಮೆ ಚಿಕಿತ್ಸೆ ಬೇಕಾದ ಕಾಯಿಲೆಯಿರುತ್ತದೆ. ಇವೆರಡನ್ನೂ ಬೇರ್ಪಡಿಸಿ ತಿಳಿಯುವುದು ಮತ್ತು ಸಕಾಲದಲ್ಲಿ ನೆರವು ದೊರಕಿಸುವುದು ಈ ಪಾಠದ ಉದ್ದೇಶ.

2. ಸಮಸ್ಯೆಯ ಸ್ವರೂಪ

ವೈದ್ಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯವನ್ನು ಕುರಿತು ರಾಷ್ಟ್ರೀಯ ವೈದ್ಯಕೀಯ ಆಯೋಗವು ನೇಮಿಸಿದ ಕಾರ್ಯಪಡೆಯು 2024ರಲ್ಲಿ ವರದಿ ನೀಡಿತು. ಅದರ ಆನ್‌ಲೈನ್ ಸಮೀಕ್ಷೆಗೆ ಉತ್ತರಿಸಿದ 25,590 ಪದವಿ ವಿದ್ಯಾರ್ಥಿಗಳ ಪೈಕಿ ಶೇ. 27.8ರಷ್ಟು ಮಂದಿ ತಮಗೆ ಮಾನಸಿಕ ಆರೋಗ್ಯದ ಸಮಸ್ಯೆ ಇರುವುದು ನಿರ್ಣಯವಾಗಿದೆ ಎಂದು ತಿಳಿಸಿದ್ದಾರೆ. ಸ್ವಇಚ್ಛೆಯಿಂದ ಉತ್ತರಿಸಿದವರ ಹೇಳಿಕೆ ಇದಾಗಿರುವುದರಿಂದ ಇಡೀ ದೇಶದ ವಿದ್ಯಾರ್ಥಿಗಳಿಗೆ ಇದೇ ಪ್ರಮಾಣವನ್ನು ಅನ್ವಯಿಸಲಾಗದು. ಆದರೂ ಇಷ್ಟು ಸಾವಿರ ವಿದ್ಯಾರ್ಥಿಗಳು ಹೀಗೆ ಹೇಳಿರುವುದನ್ನು ಕಡೆಗಣಿಸುವಂತಿಲ್ಲ.

ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯೂ ಇಂತಹುದೇ ಚಿತ್ರ ನೀಡುತ್ತದೆ. ಅದರಂತೆ ವೈದ್ಯ ವಿದ್ಯಾರ್ಥಿಗಳಲ್ಲಿ ಶೇ. 27.2ರಷ್ಟು ಮಂದಿಗೆ ಖಿನ್ನತೆ ಅಥವಾ ಅದರ ಲಕ್ಷಣಗಳಿದ್ದವು. ಹೀಗೆ ಗುರುತಿಸಲ್ಪಟ್ಟವರಲ್ಲಿ ಚಿಕಿತ್ಸೆ ಪಡೆಯಲು ಮುಂದಾದವರು ಶೇ. 15.7 ಮಾತ್ರ. ಈ ಪಾಠಕ್ಕೆ ಮುಖ್ಯವಾದುದು ಈ ಎರಡನೆಯ ಸಂಖ್ಯೆ. ಔಷಧ, ವೈದ್ಯರು, ಪುಸ್ತಕ ಎಲ್ಲವೂ ಕೈಗೆಟಕುವ ದೂರದಲ್ಲಿರುವವರೇ ಚಿಕಿತ್ಸೆಯಿಂದ ದೂರ ಉಳಿಯುತ್ತಿದ್ದಾರೆ.

3. ಮೌನದ ಕಾರಣಗಳು

(ಅ) ತನ್ನ ಶಾಲೆಗೆ, ಊರಿಗೆ ಮೊದಲಿಗರಾಗಿದ್ದವರು ಮೊದಲಿಗರೇ ತುಂಬಿರುವ ತರಗತಿಗೆ ಬಂದಾಗ ಸಾಧಾರಣ ಅಂಕವೂ ಸೋಲಿನಂತೆ ಕಾಣುತ್ತದೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಅಂಗರಚನಾಶಾಸ್ತ್ರದ ಜೊತೆಗೆ ಇಂಗ್ಲಿಷನ್ನೂ ಏಕಕಾಲಕ್ಕೆ ಕಲಿಯಬೇಕಾದ ಹೊರೆ ಇರುತ್ತದೆ.

(ಆ) ಶಿಕ್ಷಣ ಸಾಲ, ಹೊಲ ಅಡವಿಟ್ಟ ಮನೆಯವರ ನಿರೀಕ್ಷೆ, "ನಮ್ಮೂರ ಡಾಕ್ಟರು" ಎಂಬ ಪ್ರೀತಿಯ ಮಾತು ಇವೆಲ್ಲವೂ ಸಂಕಟವನ್ನು ಮನೆಯಲ್ಲಿ ಹೇಳಿಕೊಳ್ಳದಂತೆ ತಡೆಯುತ್ತವೆ.

(ಇ) ತಾನು ಆರೈಕೆ ಮಾಡಿದ ರೋಗಿಯ ಸಾವನ್ನು ಮೊದಲ ಬಾರಿಗೆ ಕಂಡ ದಿನವೂ ಮುಂದಿನ ರೋಗಿಯನ್ನು ನೋಡಲೇಬೇಕಾಗುತ್ತದೆ. ಆ ಸಾವಿನ ಬಗ್ಗೆ ಮಾತನಾಡಲು ಸಮಯವನ್ನು ಯಾರೂ ನಿಗದಿಪಡಿಸಿರುವುದಿಲ್ಲ.

(ಈ) ವಿಷಯ ಹೊರಬಿದ್ದರೆ ಪರೀಕ್ಷಕರು, ಸಹಪಾಠಿಗಳು ತನ್ನನ್ನು ದುರ್ಬಲನೆಂದು ತಿಳಿದಾರು ಎಂಬ ಭಯ ಎಲ್ಲಕ್ಕಿಂತ ದೊಡ್ಡದು. ಇದರಿಂದಾಗಿ ಕೆಲವರು ತಾವೇ ಕಾಯಿಲೆ ನಿರ್ಣಯಿಸಿಕೊಂಡು ತಾವೇ ನಿದ್ರೆಮಾತ್ರೆ ತೆಗೆದುಕೊಳ್ಳುವ ಅಪಾಯಕ್ಕೆ ಇಳಿಯುತ್ತಾರೆ.

4. ದಿನಚರಿಯಲ್ಲಿ ಗಮನಿಸಬೇಕಾದ ಅಂಶಗಳು

ನಿದ್ರೆ: ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆಗಳ ನಿದ್ರೆ ಅವಶ್ಯ. ಹಗಲು ಓದಿದ್ದು ನೆನಪಿನಲ್ಲಿ ನೆಲೆಗೊಳ್ಳುವುದು ನಿದ್ರೆಯಲ್ಲಿ. ಆದುದರಿಂದ ಪರೀಕ್ಷೆಯ ಹಿಂದಿನ ರಾತ್ರಿ ನಿದ್ರೆಗೆಟ್ಟು ಓದಿದವರು ಓದಿದ್ದನ್ನೇ ಕಳೆದುಕೊಳ್ಳುತ್ತಾರೆ. ಸತತ 17 ಗಂಟೆ ಎಚ್ಚರವಿದ್ದವರ ಕಾರ್ಯಕ್ಷಮತೆಯು ರಕ್ತದಲ್ಲಿ ಶೇ. 0.05ರಷ್ಟು ಮದ್ಯಾಂಶವಿರುವವರ ಮಟ್ಟಕ್ಕೆ ಕುಸಿಯುತ್ತದೆ ಎಂದು 1997ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿದೆ. ಔಷಧದ ಪ್ರಮಾಣ ಬರೆಯುವ ಕೈಗೆ ಇದು ಗಂಭೀರ ವಿಷಯ. ರಾತ್ರಿ ಪಾಳಿ ಮುಗಿಸಿದವರು ಒಡನೆಯೇ ದ್ವಿಚಕ್ರ ವಾಹನದಲ್ಲಿ ದೂರ ಪ್ರಯಾಣಿಸದಿರುವುದು ಕ್ಷೇಮ.

ಕಾಫಿ, ಚಹಾ: ಸೇವಿಸಿದ ಕೆಫೀನಿನಲ್ಲಿ ಅರ್ಧ ಭಾಗವು ದೇಹದಿಂದ ಹೊರಹೋಗಲು ಸುಮಾರು 5 ಗಂಟೆ ಬೇಕು. ರಾತ್ರಿ 9ಕ್ಕೆ ಕುಡಿದ ಕಾಫಿಯ ಅರ್ಧದಷ್ಟು ಪ್ರಭಾವ ನಡುರಾತ್ರಿ ದಾಟಿದರೂ ಉಳಿದಿರುತ್ತದೆ. ಮಧ್ಯಾಹ್ನದ ನಂತರ ಇದನ್ನು ಮಿತಗೊಳಿಸುವುದು ಒಳಿತು.

ಆಹಾರ: ವಿದ್ಯಾರ್ಥಿ ನಿಲಯಗಳಲ್ಲಿ ಮೊದಲು ತಪ್ಪುವುದು ಬೆಳಗಿನ ಉಪಾಹಾರ. ಮಧ್ಯಾಹ್ನದವರೆಗೆ ಹಸಿದಿದ್ದು ಸಂಜೆ ಬೋಂಡ, ಬಜ್ಜಿ, ಬಿಸ್ಕತ್ತುಗಳಲ್ಲಿ ಹೊಟ್ಟೆ ತುಂಬಿಸುವುದು ನಂತರದ ಅಭ್ಯಾಸ. ವಿಶ್ವ ಆರೋಗ್ಯ ಸಂಸ್ಥೆಯು ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ಸೇವಿಸಲು ಸಲಹೆ ನೀಡಿದೆ. ಬೇಯಿಸಿದ ಶೇಂಗಾ, ಮೊಳಕೆ ಕಾಳು, ಬಾಳೆಹಣ್ಣು, ರಾಗಿ ಮುದ್ದೆ, ಸೊಪ್ಪಿನ ಸಾರು ನಮ್ಮ ಊರುಗಳಲ್ಲಿ ಕಡಿಮೆ ಖರ್ಚಿನಲ್ಲಿ ಸಿಗುವ ಆಹಾರ.

ವ್ಯಾಯಾಮ: ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ ಇರಬೇಕೆಂದು ಅದೇ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ಚುರುಕಾಗಿ ನಡೆದರೂ ಕನಿಷ್ಠ ಮಿತಿ ತಲುಪಿದಂತಾಗುತ್ತದೆ. ಕ್ಷೇತ್ರ ಭೇಟಿಗೆ ನಡೆದು ಹೋಗುವುದನ್ನೂ ಇದಕ್ಕೆ ಬಳಸಿಕೊಳ್ಳಬಹುದು.

ಮದ್ಯ, ತಂಬಾಕು: ಮದ್ಯವು ಬೇಗ ನಿದ್ರೆ ತರಿಸಿದರೂ ರಾತ್ರಿಯ ಉತ್ತರಾರ್ಧದ ನಿದ್ರೆಯನ್ನು ಕೆಡಿಸುತ್ತದೆ. ಒತ್ತಡ ಕಳೆಯಲೆಂದು ಆರಂಭವಾದ ಸಿಗರೇಟು, ಅದು ದೊರೆಯದಾಗ ಉಂಟಾಗುವ ಚಡಪಡಿಕೆಯನ್ನೇ ಹೊಸ ಒತ್ತಡವಾಗಿ ಸೇರಿಸುತ್ತದೆ.

5. ದಿನಚರಿಯ ಮಿತಿ

ಮೇಲಿನ ಅಭ್ಯಾಸಗಳು ಆರೋಗ್ಯವನ್ನು ಕಾಯುತ್ತವೆ. ಆದರೆ ಖಿನ್ನತೆ ಆವರಿಸಿದವರಿಗೆ "ಬೆಳಿಗ್ಗೆ ಬೇಗ ಏಳಿ, ಯೋಗ ಮಾಡಿ, ಎಲ್ಲ ಸರಿಹೋಗುತ್ತದೆ" ಎಂಬ ಉಪದೇಶವಷ್ಟೇ ಸಾಲದು. ಏಳಲು ಆಗದಿರುವುದೇ ಅವರ ಕಾಯಿಲೆಯ ಲಕ್ಷಣವಾಗಿರಬಹುದು. ಅಂತಹವರು ಉಪದೇಶವನ್ನು ಪಾಲಿಸಲಾಗದೆ ತಮ್ಮನ್ನೇ ಇನ್ನಷ್ಟು ಹಳಿದುಕೊಳ್ಳುತ್ತಾರೆ.

ಎರಡು ವಾರಗಳ ಕಾಲ ದಿನದ ಬಹುಪಾಲು ಬೇಸರ, ಯಾವುದರಲ್ಲಿಯೂ ಆಸಕ್ತಿಯಿಲ್ಲದಿರುವಿಕೆ, ನಿದ್ರೆ ಹಸಿವುಗಳ ಏರುಪೇರು, ಏಕಾಗ್ರತೆಯ ಕೊರತೆ, ತಾನು ಯಾವುದಕ್ಕೂ ಬಾರದವನೆಂಬ ಭಾವನೆ ಕಂಡುಬಂದಲ್ಲಿ ಅದನ್ನು ಆಯಾಸವೆಂದು ಬಿಡದೆ ವೈದ್ಯಕೀಯ ಪರೀಕ್ಷೆಗೆ ಒಳಪಡಿಸುವುದು. ಕೇಂದ್ರಗಳಲ್ಲಿ ರೋಗಿಗಳಿಗಾಗಿ ಬಳಸುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಪ್ರಶ್ನಾವಳಿಯನ್ನು ವಿದ್ಯಾರ್ಥಿಗಳಿಗೂ ಬಳಸಬಹುದು. ಒಟ್ಟು 27ರಲ್ಲಿ 10 ಅಥವಾ ಹೆಚ್ಚು ಅಂಕ ಬಂದಲ್ಲಿ ಮನೋವೈದ್ಯರ ಸಲಹೆ ಪಡೆಯುವುದು. ಒಂಬತ್ತನೆಯ ಪ್ರಶ್ನೆಯು ಸಾವಿನ ಅಥವಾ ಸ್ವಹಾನಿಯ ಆಲೋಚನೆಗೆ ಸಂಬಂಧಿಸಿದ್ದು, ಅದಕ್ಕೆ ಹೌದೆಂಬ ಉತ್ತರ ಬಂದರೆ ಒಟ್ಟು ಅಂಕ ಎಷ್ಟೇ ಇರಲಿ, ಅದೇ ದಿನ ಕ್ರಮ ಕೈಗೊಳ್ಳುವುದು.

6. ಕೇಳುವ ಕ್ರಮ

ಸಂಕಟದಲ್ಲಿರುವವರು ತಾವಾಗಿ ಬಂದು ಹೇಳಲಿ ಎಂದು ಕಾಯುವುದು ಸರಿಯಲ್ಲ. ಮೊದಲ ಪ್ರಶ್ನೆಯನ್ನು ಹಿರಿಯರೇ ಕೇಳಬೇಕು. ಹೊರರೋಗಿ ವಿಭಾಗದ ಸಾಲಿನ ಮುಂದೆ ಕೇಳದೆ, ಪ್ರತ್ಯೇಕವಾಗಿ ಕುಳ್ಳಿರಿಸಿ, "ಡಾಕ್ಟ್ರೇ, ಎರಡು ವಾರದಿಂದ ನೀವು ಮೊದಲಿನ ಹಾಗಿಲ್ಲ ಅನಿಸುತ್ತಿದೆ. ರಾತ್ರಿ ನಿದ್ರೆ ಬರುತ್ತಿದೆಯಾ?" ಎಂದು ಆರಂಭಿಸಬಹುದು. ಉತ್ತರಕ್ಕೆ ತಾಳ್ಮೆಯಿಂದ ಕಾಯುವುದು. "ನಮ್ಮ ಕಾಲದಲ್ಲಿ ನಾವು ಇದಕ್ಕಿಂತ ಹೆಚ್ಚು ಕಷ್ಟಪಟ್ಟಿದ್ದೆವು" ಎಂಬ ಮಾತು ಸಂಭಾಷಣೆಯನ್ನು ಅಲ್ಲಿಗೇ ಮುಗಿಸಿಬಿಡುತ್ತದೆ.

ಸಾಯುವ ಆಲೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿದರೆ ಆ ಆಲೋಚನೆಯನ್ನು ನಾವೇ ಬಿತ್ತಿದಂತಾಗುತ್ತದೆ ಎಂಬುದು ತಪ್ಪು ಕಲ್ಪನೆ. ಮೃದುವಾಗಿ, ಸ್ಪಷ್ಟವಾಗಿ ಕೇಳಿದಾಗ ಬಹುತೇಕರಿಗೆ ಹೊರೆ ಇಳಿಸಿದಂತಾಗುತ್ತದೆ. ಹೌದೆಂದು ಹೇಳಿದವರನ್ನು ಒಂಟಿಯಾಗಿ ಬಿಡಬಾರದು. ಔಷಧ ದಾಸ್ತಾನಿನ ಕೀಲಿಯನ್ನು ಅವರ ಬಳಿ ಇರಿಸದೆ, ಅವರ ಒಪ್ಪಿಗೆ ಪಡೆದು ನಂಬಿಕೆಯ ವ್ಯಕ್ತಿಯೊಬ್ಬರನ್ನು ಕರೆಸಿ, ಜೊತೆಯಲ್ಲಿಯೇ ಆಸ್ಪತ್ರೆಗೆ ಕರೆದೊಯ್ಯುವುದು.

7. ಕಾನೂನು ಮತ್ತು ಲಭ್ಯವಿರುವ ನೆರವು

ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017 ಪ್ರತಿಯೊಬ್ಬರಿಗೂ ಮಾನಸಿಕ ಆರೋಗ್ಯ ಸೇವೆ ಪಡೆಯುವ ಹಕ್ಕನ್ನು ನೀಡಿದೆ. ಅದರ 23ನೇ ಪ್ರಕರಣವು ಗೋಪ್ಯತೆಯ ಹಕ್ಕನ್ನು ಖಾತರಿಪಡಿಸುತ್ತದೆ. ಜೀವಕ್ಕೆ ಅಪಾಯವಿರುವಂತಹ ಸಂದರ್ಭಗಳಲ್ಲಿ ಮಾತ್ರ ಅಗತ್ಯವಿರುವಷ್ಟು ಮಾಹಿತಿಯನ್ನು ಹಂಚಿಕೊಳ್ಳಲು ಅವಕಾಶವಿದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕೆಂದೂ ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯವೆಂದೂ 115ನೇ ಪ್ರಕರಣ ಹೇಳುತ್ತದೆ.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯು ನಮ್ಮ ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ. ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಯೇ ಮಾನಸಿಕ ಕಾಯಿಲೆಯನ್ನು ಗುರುತಿಸಬಲ್ಲರೆಂಬುದನ್ನು ಅದು ತೋರಿಸಿಕೊಟ್ಟಿತು. ಹಳ್ಳಿಯ ಜನರಲ್ಲಿ ಗುರುತಿಸಬಲ್ಲ ಸಿಬ್ಬಂದಿ ಪಕ್ಕದ ಮೇಜಿನ ಸಹೋದ್ಯೋಗಿಯಲ್ಲಿಯೂ ಗುರುತಿಸಬಲ್ಲರು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಗೆ ಹಗಲು ರಾತ್ರಿಯೆನ್ನದೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

8. ಕೇಂದ್ರಗಳಲ್ಲಿ ಪಾಲಿಸಬೇಕಾದ ಕ್ರಮಗಳು

(1) ನಿಯೋಜಿತ ವಿದ್ಯಾರ್ಥಿಗಳ ಪಾಳಿ ಪಟ್ಟಿಯಲ್ಲಿ ವಾರದ ರಜೆಯನ್ನೂ ರಾತ್ರಿ ಪಾಳಿಯ ನಂತರದ ವಿಶ್ರಾಂತಿಯನ್ನೂ ನಮೂದಿಸುವುದು. ನಿವಾಸಿ ವೈದ್ಯರಿಗೆ ವಾರಕ್ಕೆ 74 ಗಂಟೆ ಮೀರದ ಕರ್ತವ್ಯ ಹಾಗೂ ಒಂದು ದಿನದ ಬಿಡುವು ಇರಬೇಕೆಂದು ಮೇಲ್ಕಂಡ ಕಾರ್ಯಪಡೆಯೂ ಶಿಫಾರಸು ಮಾಡಿದೆ.

(2) ಪ್ರತಿ ವಿದ್ಯಾರ್ಥಿಯೊಡನೆ ವಾರಕ್ಕೊಮ್ಮೆ ಹತ್ತು ನಿಮಿಷ ಪ್ರತ್ಯೇಕವಾಗಿ ಮಾತನಾಡುವುದು. ಇದನ್ನು ಕಲಿಕೆಯ ಮೌಲ್ಯಮಾಪನದೊಡನೆ ಬೆರೆಸಬಾರದು.

(3) ರೋಗಿಯ ಸಾವು ಸಂಭವಿಸಿದ ದಿನ, ಆರೈಕೆಯಲ್ಲಿ ಭಾಗಿಯಾದ ಎಲ್ಲರೂ ಕೆಲ ಸಮಯ ಕುಳಿತು ಮಾತನಾಡುವುದು.

(4) ಟೆಲಿ-ಮಾನಸ್ ಸಂಖ್ಯೆಯನ್ನು ಸಿಬ್ಬಂದಿಯ ವಿಶ್ರಾಂತಿ ಕೊಠಡಿಯಲ್ಲಿಯೂ ಪ್ರದರ್ಶಿಸುವುದು.

9. ಚರ್ಚೆಗೆ ಪ್ರಶ್ನೆಗಳು

(ಅ) ನಮ್ಮ ಕೇಂದ್ರದಲ್ಲಿ ವಿದ್ಯಾರ್ಥಿಯೊಬ್ಬರು "ನನಗೆ ಆಗುತ್ತಿಲ್ಲ" ಎಂದು ಯಾರ ಬಳಿ ಹೇಳಿಕೊಳ್ಳಬಹುದು? ಆ ವ್ಯಕ್ತಿ ಯಾರೆಂಬುದು ವಿದ್ಯಾರ್ಥಿಗೆ ತಿಳಿದಿದೆಯೇ?

(ಆ) ಆಯಾಸಕ್ಕೂ ಖಿನ್ನತೆಗೂ ಇರುವ ವ್ಯತ್ಯಾಸವನ್ನು ಯಾವ ಲಕ್ಷಣಗಳಿಂದ, ಎಷ್ಟು ಅವಧಿಯಿಂದ ತಿಳಿಯಬಹುದು?

(ಇ) ಚಿಕಿತ್ಸೆ ಪಡೆಯುತ್ತಿರುವ ಸಹೋದ್ಯೋಗಿಯ ಬಗ್ಗೆ ನಾವು ಆಡುವ ಮಾತುಗಳಲ್ಲಿ ಯಾವುವು ಇತರರು ನೆರವು ಕೇಳದಂತೆ ತಡೆಯುತ್ತವೆ?

ಈ ಪಾಠವನ್ನು ಮುಂದಿನ ಮಾಸಿಕ ಸಭೆಯಲ್ಲಿ ವಿದ್ಯಾರ್ಥಿಗಳ ಸಮ್ಮುಖದಲ್ಲಿ ಓದಿ ಚರ್ಚಿಸತಕ್ಕದ್ದು.